ಬೆಂಜೊಡಯಜೆಪೀನ್‌ಗಳು: ಬಳಕೆ, ಅವಲಂಬನೆ, ಬಿಡುವ ಬಗೆ

ಬೆಂಜೊಡಯಜೆಪೀನ್‌ಗಳು: ಆತಂಕ ತಗ್ಗಿಸುವ, ನಿದ್ದೆ ಬರಿಸುವ, ಫಿಟ್ಸ್ ತಡೆಯುವ, ಬಿಗಿದ ಸ್ನಾಯುಗಳನ್ನು ಸಡಿಲಿಸುವ ಔಷಧಗಳ ಒಂದು ಗುಂಪು. ಆಲ್‌ಪ್ರಜೋಲಾಮ್, ಕ್ಲೊನಜೆಪಾಮ್, ಲೊರಜೆಪಾಮ್, ಡಯಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್, ನೈಟ್ರಜೆಪಾಮ್, ಕ್ಲೊಬಜಾಮ್, ಮಿಡಜೋಲಾಮ್ ಇವು ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿವೆ. ಮನೆಗಳಲ್ಲಿ ಈ ಹೆಸರುಗಳು ಕೇಳಿಬರುವುದಿಲ್ಲ. ನಿದ್ದೆ ಗುಳಿಗೆ, ಟೆನ್ಷನ್ ಮಾತ್ರೆ, ನರದ ಮಾತ್ರೆ ಎಂದೇ ವಾಡಿಕೆ. ಕೆಲವು ದಿನಗಳಿಗೆಂದು ಬರೆದುಕೊಟ್ಟದ್ದು ವರ್ಷಗಟ್ಟಲೆ ಮುಂದುವರಿಯುವುದು ಈ ಔಷಧಗಳಲ್ಲಿ ಸಾಮಾನ್ಯ. ಹಾಗೆ ಮುಂದುವರಿದದ್ದನ್ನು ಒಂದೇ ದಿನದಲ್ಲಿ ನಿಲ್ಲಿಸುವುದು ಜೀವಕ್ಕೇ ಅಪಾಯ ತರಬಹುದು.

ಈ ಅಪಾಯದ ಒಂದು ಮುಖ ಕರಿಕೆಯಂಥ ಊರಿನಿಂದ ನೋಡಿದಾಗ ಹೆಚ್ಚು ಸ್ಪಷ್ಟವಾಗುತ್ತದೆ. ಕೊಡಗಿನ ಮಡಿಕೇರಿ ತಾಲ್ಲೂಕಿನ ಕರಿಕೆ ಕೇರಳದ ಕಾಸರಗೋಡು ಜಿಲ್ಲೆಗೆ ಒತ್ತಿಕೊಂಡಿರುವ ಗ್ರಾಮ. ಭಾಗಮಂಡಲದಿಂದ ಕಾಡಿನ ಘಟ್ಟ ಇಳಿದರೆ ಕರಿಕೆ. ಗಡಿ ದಾಟಿದರೆ ಪಾಣತ್ತೂರು, ಅದರಾಚೆ ಕಾಞಂಗಾಡ್. ಚಿಕಿತ್ಸೆಗೆ ಮೇಲೆ ಹತ್ತಿದರೆ ಮಡಿಕೇರಿ, ಕೆಳಗಿಳಿದರೆ ಕೇರಳದ ಆಸ್ಪತ್ರೆಗಳು, ಇನ್ನೊಂದು ದಾರಿಯಲ್ಲಿ ಸುಳ್ಯ, ಮಂಗಳೂರು. ಮನೆಯೊಳಗೆ ಅರೆಭಾಷೆ, ಮಲಯಾಳ, ತುಳು, ಕನ್ನಡ ಯಾವುದೂ ಇರಬಹುದು. ಔಷಧದ ಚೀಟಿ ಮಾತ್ರ ಇಂಗ್ಲಿಷಿನಲ್ಲಿರುತ್ತದೆ. ವೈದ್ಯಗ್ರಂಥಗಳು ಈ ಔಷಧಗಳನ್ನು ರೋಗಿ ತಾನಾಗಿ ಬಿಡುವ ಬಗ್ಗೆ ಪುಟಗಟ್ಟಲೆ ಬರೆಯುತ್ತವೆ. ಮಳೆಗೆ ರಸ್ತೆ ಕುಸಿದು, ಗಡಿ ಮುಚ್ಚಿ, ಡಬ್ಬಿಯಲ್ಲಿ ಗುಳಿಗೆ ಮುಗಿದು ಬಳಕೆ ತಾನೇ ನಿಂತುಹೋಗುವ ಬಗ್ಗೆ ಅವು ಹೇಳುವುದು ಕಡಿಮೆ. ಘಟ್ಟದ ಊರುಗಳಲ್ಲಿ ಹೆಚ್ಚು ಯೋಚಿಸಬೇಕಾದದ್ದು ಎರಡನೆಯದರ ಬಗ್ಗೆ.

ಹುಟ್ಟು

ಇವುಗಳಿಗಿಂತ ಮೊದಲು ನಿದ್ದೆಗೂ ಆತಂಕಕ್ಕೂ ಬಾರ್ಬಿಚುರೇಟ್‌ಗಳು ಬಳಕೆಯಲ್ಲಿದ್ದವು. ಅವುಗಳ ಪ್ರಮಾಣ ಸ್ವಲ್ಪ ಹೆಚ್ಚಾದರೂ ಉಸಿರು ನಿಲ್ಲುತ್ತಿತ್ತು. ಯೂರೋಪಿನಿಂದ ಅಮೆರಿಕಕ್ಕೆ ಬಂದು ಹಾಫ್‌ಮನ್ ಲಾ ರೋಶ್ ಕಂಪನಿಯ ನ್ಯೂಜೆರ್ಸಿಯ ಪ್ರಯೋಗಾಲಯದಲ್ಲಿದ್ದ ರಸಾಯನವಿಜ್ಞಾನಿ ಲಿಯೊ ಸ್ಟರ್ನ್‌ಬಾಕ್ 1950ರ ದಶಕದ ನಡುವೆ ತಯಾರಿಸಿದ ಒಂದು ಸಂಯುಕ್ತ ಪರೀಕ್ಷೆಗೆ ಹೋಗದೆ ಹಾಗೇ ಉಳಿದಿತ್ತು. 1957ರಲ್ಲಿ ಪ್ರಯೋಗಾಲಯ ಚೊಕ್ಕಟ ಮಾಡುವಾಗ ಅದು ಸಹೋದ್ಯೋಗಿಯ ಕಣ್ಣಿಗೆ ಬಿದ್ದು ಪರೀಕ್ಷೆಗೆ ಹೋಯಿತು. ಅದೇ ಕ್ಲೋರ್‌ಡಯಜೆಪಾಕ್ಸೈಡ್. 1960ರಲ್ಲಿ ಲಿಬ್ರಿಯಮ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. 1963ರಲ್ಲಿ ಡಯಜೆಪಾಮ್, ಅಂದರೆ ವ್ಯಾಲಿಯಮ್ ಬಂತು. 1970ರ ದಶಕದಲ್ಲಿ ಅಮೆರಿಕದ ವೈದ್ಯರು ಅತಿ ಹೆಚ್ಚು ಬರೆದುಕೊಟ್ಟ ಔಷಧಗಳಲ್ಲಿ ಅದಕ್ಕೆ ಮೊದಲ ಸಾಲು. ಭಾರತದಲ್ಲಿ 1960ರ ದಶಕದ ಕೊನೆಗೆ ರ್‍ಯಾನ್‌ಬಾಕ್ಸಿ ಕಂಪನಿ ಇದನ್ನೇ ಕಾಂಪೋಸ್ ಎಂಬ ಹೆಸರಿನಲ್ಲಿ ಮಾರಿ ದೊಡ್ಡದಾಗಿ ಬೆಳೆಯಿತು. ಹಳೆಯ ತಲೆಮಾರಿನ ಕೆಲವರ ಬಾಯಲ್ಲಿ ನಿದ್ದೆ ಮಾತ್ರೆಗೆ ಕಾಂಪೋಸ್ ಎಂಬ ಹೆಸರು ಈಗಲೂ ಇದೆ.

ಬಾರ್ಬಿಚುರೇಟ್‌ಗೆ ಹೋಲಿಸಿದರೆ ಇವು ನಿಜಕ್ಕೂ ಸುರಕ್ಷಿತ. ಆ ಹೋಲಿಕೆಯಲ್ಲಿ ಹುಟ್ಟಿದ ಧೈರ್ಯದಿಂದ ವೈದ್ಯರು ಇಪ್ಪತ್ತು ವರ್ಷ ಕೈಬಿಚ್ಚಿ ಬರೆದರು. ಸಾಮಾನ್ಯ ಪ್ರಮಾಣದಲ್ಲಿ ತೆಗೆದುಕೊಂಡವರೂ ಬಿಡಲಾಗದೆ ಒದ್ದಾಡುತ್ತಾರೆ ಎಂಬುದು 1980ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಸಂಶೋಧಕರಿಂದ ಖಚಿತವಾಯಿತು. 1988ರಲ್ಲಿ ಆ ದೇಶದ ಔಷಧ ಸುರಕ್ಷತಾ ಸಮಿತಿ ಬಳಕೆಯನ್ನು ಎರಡರಿಂದ ನಾಲ್ಕು ವಾರಕ್ಕೆ ಸೀಮಿತಗೊಳಿಸಲು ಹೇಳಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅವಲಂಬನೆಯ ಕುರಿತು ಪೊಟ್ಟಣದ ಎಚ್ಚರಿಕೆಯನ್ನು ಬಿಗಿಗೊಳಿಸಿದ್ದು 2020ರಲ್ಲಿ, ಅಂದರೆ ಲಿಬ್ರಿಯಮ್ ಬಂದು ಅರವತ್ತು ವರ್ಷಗಳಾದ ಮೇಲೆ.

ದೇಹದಲ್ಲಿ ನಡೆಯುವುದು

ಮಿದುಳಿನ ನರಕೋಶಗಳ ಉದ್ರೇಕಕ್ಕೆ ಲಗಾಮು ಹಾಕುವ ಮುಖ್ಯ ರಾಸಾಯನಿಕ ಗಾಬಾ. ಅದು ತನ್ನ ಗ್ರಾಹಕಕ್ಕೆ ಅಂಟಿಕೊಂಡಾಗ ಕ್ಲೋರೈಡ್ ಅಯಾನುಗಳು ಕೋಶದೊಳಕ್ಕೆ ನುಗ್ಗಿ ಕೋಶ ಶಾಂತವಾಗುತ್ತದೆ. ಬೆಂಜೊಡಯಜೆಪೀನ್‌ಗಳು ಇದೇ ಗ್ರಾಹಕದ ಬೇರೊಂದು ಜಾಗದಲ್ಲಿ ಕುಳಿತು ಗಾಬಾದ ಕೆಲಸಕ್ಕೆ ಬಲ ಕೊಡುತ್ತವೆ. ಗಾಬಾ ಇಲ್ಲದೆ ತಾವಾಗಿ ಬಾಗಿಲು ತೆರೆಯುವುದಿಲ್ಲ. ಹೀಗಾಗಿ ಇವನ್ನಷ್ಟೇ ಹೆಚ್ಚು ನುಂಗಿದವರು ಬಹುಮಟ್ಟಿಗೆ ಬದುಕಿಕೊಳ್ಳುತ್ತಾರೆ. ಮದ್ಯ ಅಥವಾ ಟ್ರಮಡಾಲ್, ಮಾರ್ಫಿನ್‌ನಂಥ ಅಫೀಮು ವರ್ಗದ ನೋವುನಿವಾರಕ ಜೊತೆಗೆ ಸೇರಿದರೆ ಮಾತ್ರ ಉಸಿರಾಟ ಕುಗ್ಗಿ ಸಾವು ಸಂಭವಿಸಬಹುದು.

ಒಂದೇ ಗುಂಪಿನವಾದರೂ ದೇಹದಲ್ಲಿ ಉಳಿಯುವ ಕಾಲದಲ್ಲಿ ಇವುಗಳ ನಡುವೆ ಅಜಗಜಾಂತರ. ಮಿಡಜೋಲಾಮ್‌ನ ಅರ್ಧಾಯು, ಅಂದರೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕಿಳಿಯುವ ಕಾಲ, ಎರಡು ಮೂರು ಗಂಟೆ. ಆಲ್‌ಪ್ರಜೋಲಾಮ್‌ನದು ಸರಾಸರಿ 11 ಗಂಟೆ. ಲೊರಜೆಪಾಮ್‌ನದು 10ರಿಂದ 20. ಕ್ಲೊನಜೆಪಾಮ್‌ನದು ಒಂದು ದಿನಕ್ಕೂ ಮೇಲೆ. ಡಯಜೆಪಾಮ್ ದೇಹದಲ್ಲಿ ಒಡೆದು ಹುಟ್ಟುವ ವಸ್ತುವಿಗೂ ಔಷಧಗುಣವಿದೆ. ಅದು ಹಲವು ದಿನ ರಕ್ತದಲ್ಲಿರುತ್ತದೆ. ಬೇಗ ಇಳಿಯುವ ಔಷಧವಾದರೆ ಬಿಟ್ಟ ಮಾರನೆಯ ದಿನವೇ ಸಂಕಟ ಶುರು. ನಿಧಾನ ಇಳಿಯುವುದಾದರೆ ವಾರ ಕಳೆದ ಮೇಲೂ ಕಾಣಿಸಬಹುದು. ಆಗ ಹಳೆಯ ಮಾತ್ರೆಗೂ ಈಗಿನ ಸಂಕಟಕ್ಕೂ ಸಂಬಂಧವಿದೆಯೆಂದು ಮನೆಯವರಿಗೆ ಹೊಳೆಯುವುದೇ ಇಲ್ಲ.

ತಕ್ಕ ಜಾಗ

ಈ ಔಷಧಗಳನ್ನು ದೂರುವ ಭರದಲ್ಲಿ ಅವು ಉಳಿಸುವ ಜೀವಗಳನ್ನು ಮರೆಯುವಂತಿಲ್ಲ. ನಿಲ್ಲದೆ ಬರುವ ಫಿಟ್ಸ್‌ಗೆ ಮೊದಲ ಮದ್ದು ಲೊರಜೆಪಾಮ್, ಡಯಜೆಪಾಮ್ ಅಥವಾ ಮಿಡಜೋಲಾಮ್. ಮೂರೂ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ತೋಟಕ್ಕೆ ಹೊಡೆಯುವ ಆರ್ಗನೋಫಾಸ್ಫರಸ್ ಕೀಟನಾಶಕ ಮೈಸೇರಿ ಫಿಟ್ಸ್ ಬಂದಾಗ, ಧನುರ್ವಾಯುವಿನಲ್ಲಿ, ಶಸ್ತ್ರಚಿಕಿತ್ಸೆಗೆ ಮುಂಚೆ, ಮಾತು ಚಲನೆಗಳೆಲ್ಲ ನಿಂತು ಸ್ತಬ್ಧವಾಗುವ ಕ್ಯಾಟಟೋನಿಯಾದಲ್ಲಿ ಇವಕ್ಕೆ ಸರಿಸಾಟಿಯಾದದ್ದು ಕಡಿಮೆ. ಬಹುಕಾಲ ಕುಡಿದವರು ಕುಡಿತ ಬಿಟ್ಟಾಗ ಬರುವ ನಡುಕ, ಭ್ರಮೆ, ಫಿಟ್ಸ್‌ಗಳನ್ನು ತಡೆಯಲು ಆಸ್ಪತ್ರೆಗಳು ನೆಚ್ಚಿರುವುದು ಕ್ಲೋರ್‌ಡಯಜೆಪಾಕ್ಸೈಡನ್ನು, ಯಕೃತ್ತು ಕೆಟ್ಟವರಿಗೆ ಲೊರಜೆಪಾಮನ್ನು. ಮೂರ್ಛೆರೋಗಕ್ಕೆ ಕ್ಲೊಬಜಾಮ್ ತೆಗೆದುಕೊಳ್ಳುವವರದು ಬೇರೆಯೇ ಲೆಕ್ಕ. ಅವರು ಈ ಲೇಖನ ಓದಿ ಮಾತ್ರೆ ಕಡಿಮೆ ಮಾಡಬಾರದು.

ತಕರಾರಿರುವುದು ದಿನನಿತ್ಯದ ನಿದ್ದೆ ಮತ್ತು ಆತಂಕದ ವಿಷಯದಲ್ಲಿ. ಮನೆಯಲ್ಲಿ ಸಾವಾಗಿ ನಾಲ್ಕು ರಾತ್ರಿ ನಿದ್ದೆಯಿಲ್ಲದವರಿಗೆ ಕೆಲವು ದಿನದ ಮಾತ್ರೆ ಕೊಡುವುದು ತಪ್ಪಲ್ಲ. ಅದೇ ಚೀಟಿ ವರ್ಷಾಂತಿಕದ ಹೊತ್ತಿಗೂ ಅಂಗಡಿಗೆ ಹೋಗುತ್ತಿದ್ದರೆ ತಪ್ಪಾಗಿದೆ. ನಿದ್ದೆ ಬರಿಸುವ ಗುಣ ಕೆಲವೇ ವಾರಗಳಲ್ಲಿ ಮಂಕಾಗುತ್ತದೆ. ಆಮೇಲೆ ಮಾತ್ರೆ ಮಾಡುವ ಕೆಲಸ ಬಹುಪಾಲು ಒಂದೇ: ಅದನ್ನು ಬಿಟ್ಟರೆ ಬರುವ ನಿದ್ರಾಭಂಗವನ್ನು ತಡೆಯುವುದು. ಮಾತ್ರೆಯಿಲ್ಲದೆ ನಿದ್ದೆಯೇ ಬರುವುದಿಲ್ಲ ಎಂದು ರೋಗಿ ಹೇಳುವುದು ಸುಳ್ಳಲ್ಲ. ಆ ಸ್ಥಿತಿಯನ್ನು ತಂದಿಟ್ಟದ್ದೇ ಮಾತ್ರೆ.

ಅರವತ್ತೈದು ದಾಟಿದವರಿಗೆ ಇವುಗಳ ಹೊರೆ ಹೆಚ್ಚು. ರಾತ್ರಿ ಮೂತ್ರಕ್ಕೆದ್ದಾಗ ಜೋಲಿ ಹೊಡೆದು ಬಿದ್ದು ಸೊಂಟದ ಮೂಳೆ ಮುರಿಯುವುದು, ಮರೆವು, ಹಗಲು ಮಂಪರು ಇವೆಲ್ಲ ವಯಸ್ಸಿನ ಲೆಕ್ಕಕ್ಕೆ ಸೇರಿಹೋಗುತ್ತವೆ. ಅಮೆರಿಕದ ವೃದ್ಧಾಪ್ಯವೈದ್ಯರ ಸಂಘದ ಬಿಯರ್ಸ್ ಪಟ್ಟಿ ಹಿರಿಯರಿಗೆ ಇವನ್ನು ಆದಷ್ಟು ಕೊಡಬೇಡಿ ಎನ್ನುತ್ತದೆ. ಗೊರಕೆಯ ನಡುವೆ ಉಸಿರು ನಿಲ್ಲುವವರು, ಉಬ್ಬಸ ಬಲಿತವರು, ಸ್ನಾಯುಗಳ ಬಲ ಕುಗ್ಗುವ ಮಯಸ್ಥೀನಿಯಾ ಗ್ರೇವಿಸ್ ಇರುವವರೂ ದೂರವಿರಬೇಕು. ಗರ್ಭಿಣಿಯರು ಕೊನೆಯ ತಿಂಗಳುಗಳಲ್ಲಿ ತೆಗೆದುಕೊಂಡರೆ ಹುಟ್ಟಿದ ಮಗು ಸಪ್ಪೆಯಾಗಿ, ಹಾಲು ಚೀಪದೆ ಇರಬಹುದು. ಆದರೆ ಬಸಿರು ತಿಳಿದ ದಿನವೇ ಹೆದರಿ ಒಮ್ಮೆಲೇ ಬಿಡುವುದೂ ಸಲ್ಲದು.

ಬೇರೆ ಔಷಧಗಳ ಜೊತೆಗಿನ ತಿಕ್ಕಾಟವೂ ಉಂಟು. ಎರಿತ್ರೊಮೈಸಿನ್, ಕ್ಲಾರಿತ್ರೊಮೈಸಿನ್, ಹುಳಕಡ್ಡಿಗೆ ಕೊಡುವ ಇಟ್ರಕೊನಜೋಲ್‌ಗಳು ಆಲ್‌ಪ್ರಜೋಲಾಮ್ ದೇಹದಿಂದ ಹೊರಹೋಗದಂತೆ ತಡೆದು ಮಂಪರು ಹೆಚ್ಚಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್‌ನದು ಇದಕ್ಕೆ ತದ್ವಿರುದ್ಧ. ಅದು ಔಷಧವನ್ನು ಬೇಗ ಹೊರಹಾಕಿಸುತ್ತದೆ. ಮಾತ್ರೆಯ ಸಂಖ್ಯೆ ಅಷ್ಟೇ ಇದ್ದರೂ ರೋಗಿಗೆ ಬಿಟ್ಟವರ ಸಂಕಟಗಳೇ ಬರಬಹುದು. ಕ್ಷಯದ ಚಿಕಿತ್ಸೆ ಶುರುಮಾಡುವಾಗ ರಾತ್ರಿ ಮಾತ್ರೆಯ ವಿಷಯ ಆರೋಗ್ಯ ಕೇಂದ್ರದಲ್ಲಿ ಹೇಳುವುದು ಅಗತ್ಯ.

ಚೀಟಿ, ಅಂಗಡಿ, ಗಡಿ

1984ರಲ್ಲಿ ಈ ಗುಂಪಿನ ಹಲವು ಔಷಧಗಳು ವಿಶ್ವಸಂಸ್ಥೆಯ 1971ರ ಮನಃಪ್ರಭಾವಿ ವಸ್ತುಗಳ ಒಪ್ಪಂದದ ನಾಲ್ಕನೆಯ ಪಟ್ಟಿಗೆ ಸೇರಿದವು. ಭಾರತದ 1985ರ ಮಾದಕ ಹಾಗೂ ಮನಃಪ್ರಭಾವಿ ವಸ್ತುಗಳ (ಎನ್‌ಡಿಪಿಎಸ್) ಕಾಯ್ದೆಯೂ ಇವನ್ನು ಒಳಗೊಂಡಿದೆ. ಆಲ್‌ಪ್ರಜೋಲಾಮ್ 100 ಗ್ರಾಂ, ಡಯಜೆಪಾಮ್ 500 ಗ್ರಾಂ ಮೀರಿ ಅಕ್ರಮವಾಗಿ ಸಿಕ್ಕಿದರೆ ವಾಣಿಜ್ಯ ಪ್ರಮಾಣವೆಂದು ಕಠಿಣ ಶಿಕ್ಷೆಯಿದೆ. ಅಂಗಡಿಯ ಮಟ್ಟದಲ್ಲಿ ಅನ್ವಯಿಸುವುದು ಔಷಧ ನಿಯಮಗಳ ಎಚ್1 ಪಟ್ಟಿ. 2013ರಲ್ಲಿ ಹೊರಡಿಸಿ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಈ ಪಟ್ಟಿಯಲ್ಲಿ ಆಲ್‌ಪ್ರಜೋಲಾಮ್, ಡಯಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್, ನೈಟ್ರಜೆಪಾಮ್ ಇವೆ. ಇದೇ ಗ್ರಾಹಕದ ಮೇಲೆ ಕೆಲಸ ಮಾಡುವ ಜೋಲ್ಪಿಡೆಮ್ ಸಹ ಇದೆ. ಮಾರುವವರು ಚೀಟಿ ಬರೆದ ವೈದ್ಯರು, ರೋಗಿ, ಔಷಧ, ಕೊಟ್ಟ ಸಂಖ್ಯೆ ಇಷ್ಟನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಎಷ್ಟು ಸಲ ಕೊಡಬಹುದೆಂದು ವೈದ್ಯರು ಬರೆಯದಿದ್ದರೆ ಒಂದು ಚೀಟಿಗೆ ಒಮ್ಮೆ ಮಾತ್ರ ಔಷಧ.

ಮಾತ್ರೆಗಳ ಪಟ್ಟಿಯ ಹಿಂಬದಿ ತಿರುಗಿಸಿ ನೋಡಿದರೆ ಕೆಂಪು ಚೌಕಟ್ಟಿನ ಎಚ್ಚರಿಕೆ, ಕೆಂಪಕ್ಷರದ ಎನ್‌ಆರ್‌ಎಕ್ಸ್ ಗುರುತು ಕಾಣುತ್ತವೆ. ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಮೂಲಹೆಸರನ್ನು ಓದುವುದು ಎಲ್ಲಕ್ಕಿಂತ ಮುಖ್ಯ. ಏಕೆಂದರೆ ಭಾರತದ ಮಾರುಕಟ್ಟೆಯಲ್ಲಿ ಬೆಂಜೊಡಯಜೆಪೀನ್ ಹಲವು ವೇಷದಲ್ಲಿ ಬರುತ್ತದೆ. ಖಿನ್ನತೆಯ ಎಸಿಟಲೊಪ್ರಾಮ್ ಜೊತೆ ಕ್ಲೊನಜೆಪಾಮ್ ಒಂದೇ ಮಾತ್ರೆಯಲ್ಲಿ ಸೇರಿರುತ್ತದೆ. ಎದೆಬಡಿತಕ್ಕೆ ಕೊಡುವ ಪ್ರೊಪ್ರನೊಲಾಲ್ ಜೊತೆಗೂ ಇರುತ್ತದೆ. ಹೊಟ್ಟೆ ನುಲಿತಕ್ಕೆ ಕೊಡುವ ಕ್ಲಿಡಿನಿಯಮ್ ಮಾತ್ರೆಯಲ್ಲಿ ಕ್ಲೋರ್‌ಡಯಜೆಪಾಕ್ಸೈಡ್ ಇರುತ್ತದೆ. ಗ್ಯಾಸ್ಟ್ರಿಕ್ ಮಾತ್ರೆಯೆಂದು ವರ್ಷಗಟ್ಟಲೆ ನುಂಗಿದವರು ಅದನ್ನು ಬಿಟ್ಟ ವಾರದಲ್ಲಿ ಕೈನಡುಕ, ನಿದ್ರಾಭಂಗಕ್ಕೆ ಒಳಗಾದರೆ ಕಾರಣ ಹುಡುಕಬೇಕಾದದ್ದು ಇಲ್ಲಿ.

ಗಡಿಯೂರಿನಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಕೆಳಗಿನ ಪೇಟೆಯ ವೈದ್ಯರು ಒಂದು ಹೆಸರಿನಲ್ಲಿ ಕ್ಲೊನಜೆಪಾಮ್ ಬರೆದಿರುತ್ತಾರೆ, ಮೇಲಿನ ಆಸ್ಪತ್ರೆಯವರು ಇನ್ನೊಂದು ಹೆಸರಿನಲ್ಲಿ ಆಲ್‌ಪ್ರಜೋಲಾಮ್. ಎರಡೂ ಒಂದೇ ಜಾತಿಯೆಂದು ತಿಳಿಯದೆ ಅಜ್ಜಿಗೆ ಮಧ್ಯಾಹ್ನ ಒಂದು, ರಾತ್ರಿ ಒಂದು ಕೊಡಲಾಗುತ್ತದೆ. ಎಚ್1 ಪುಸ್ತಕ ಆಯಾ ಅಂಗಡಿಯದು. ಪಾಣತ್ತೂರಿನ ಅಂಗಡಿಯ ಪುಸ್ತಕ ಮಡಿಕೇರಿಯ ಅಂಗಡಿಗೆ ಕಾಣುವುದಿಲ್ಲ. ಈ ಕೊರತೆಗೆ ಸದ್ಯಕ್ಕೆ ಉಪಾಯವೆಂದರೆ ಎಲ್ಲ ಚೀಟಿ, ಎಲ್ಲ ಖಾಲಿ ಪಟ್ಟಿಗಳನ್ನು ಒಂದೇ ಚೀಲದಲ್ಲಿಟ್ಟು ಯಾವ ವೈದ್ಯರ ಬಳಿಗೆ ಹೋದರೂ ಅದನ್ನು ಒಯ್ಯುವುದು.

ದೂರವಾಣಿ ವೈದ್ಯ ಸಲಹೆ ಇಂಥ ಊರಿಗೆ ವರವಾಗಬೇಕಿತ್ತು. ಆದರೆ 2020ರ ಮಾರ್ಚ್ 25ರಂದು ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಎನ್‌ಡಿಪಿಎಸ್ ಕಾಯ್ದೆಯಡಿ ಬರುವ ಔಷಧಗಳನ್ನು ದೂರದಿಂದ ಬರೆದುಕೊಡದಂತೆ ನಿಷೇಧದ ಪಟ್ಟಿಗೆ ಸೇರಿಸಿತು. ದುರುಪಯೋಗ ತಡೆಯುವ ಉದ್ದೇಶ ಸರಿಯೇ. ಆದರೂ ವೈದ್ಯರ ನಿಗಾದಲ್ಲಿ ನ್ಯಾಯವಾಗಿ ಪ್ರಮಾಣ ಇಳಿಸುತ್ತಿರುವ ರೋಗಿಗೆ ಮಳೆಗಾಲದಲ್ಲಿ ಇದು ತೊಡಕೇ. ಔಷಧ ಬರೆಸಲಾಗದ ಸಂದರ್ಭದಲ್ಲೂ ಸಲಹೆ ಪಡೆಯಲು ಅಡ್ಡಿಯಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಸಂಖ್ಯೆಯಲ್ಲಿ ಕನ್ನಡದಲ್ಲೂ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವಂತೆ ಮಾಡಿದ ಕರ್ನಾಟಕದ ಮನೋಚೈತನ್ಯ ಯೋಜನೆ 2014ರದು. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ.

ಅವಲಂಬನೆ

ಅವಲಂಬನೆ ಬೇರೆ, ಚಟ ಬೇರೆ. ವೈದ್ಯರು ಹೇಳಿದಷ್ಟೇ ತೆಗೆದುಕೊಂಡು, ಒಂದು ಮಾತ್ರೆಯನ್ನೂ ಹೆಚ್ಚು ನುಂಗದ ಮನುಷ್ಯನ ಮಿದುಳೂ ಕೆಲವು ವಾರ, ತಿಂಗಳುಗಳಲ್ಲಿ ಔಷಧಕ್ಕೆ ಹೊಂದಿಕೊಳ್ಳುತ್ತದೆ. ಗ್ರಾಹಕಗಳ ಸ್ಪಂದನ ಕುಗ್ಗುತ್ತದೆ. ಔಷಧ ತೆಗೆದಾಗ ಉದ್ರೇಕ ಲಗಾಮಿಲ್ಲದೆ ಏರುತ್ತದೆ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹೆಚ್ಚು ಹೆಚ್ಚು ಬೇಕೆನಿಸುವುದು, ಹಲವು ವೈದ್ಯರಿಂದ ಚೀಟಿ ಪಡೆಯುವುದು, ಕುಡಿತದ ಜೊತೆ ಸೇರಿಸುವುದು ಚಟದ ಲಕ್ಷಣ. 2019ರಲ್ಲಿ ಪ್ರಕಟವಾದ, ದೆಹಲಿಯ ಏಮ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದ ಭಾರತೀಯರಲ್ಲಿ ಶೇ. 1.08 ಮಂದಿ, ಅಂದರೆ ಸುಮಾರು 1.18 ಕೋಟಿ ಜನ, ವೈದ್ಯರ ಸಲಹೆಯಿಲ್ಲದೆ ನಿದ್ರಾಜನಕ ಬಳಸುತ್ತಿದ್ದರು. ಚೀಟಿ ಹಿಡಿದೇ ವರ್ಷಗಟ್ಟಲೆ ನುಂಗುವವರು ಈ ಲೆಕ್ಕದಲ್ಲಿಲ್ಲ.

ಕೊಡಗಿನ ಮಟ್ಟಿಗೆ ಮದ್ಯದ ಮಾತು ಬಿಡುವಂತಿಲ್ಲ. ಹುತ್ತರಿ ಹಬ್ಬದಲ್ಲಾಗಲಿ ಮದುವೆಯಲ್ಲಾಗಲಿ ಕುಡಿತಕ್ಕೆ ಮರ್ಯಾದೆಯ ಜಾಗವಿದೆ. ಎರಡು ಪೆಗ್ಗಿನ ಮೇಲೆ ರಾತ್ರಿಯ ಮಾತ್ರೆ ನುಂಗಿದವರಲ್ಲಿ ಎರಡೂ ಒಂದೇ ಗ್ರಾಹಕದ ಮೇಲೆ ಕೆಲಸ ಮಾಡುತ್ತವೆ. ಬೆಳಿಗ್ಗೆ ತಲೆ ತಿಳಿಯಾಗಿದೆ ಅನಿಸಿದರೂ ಕೈಕಾಲಿನ ಚುರುಕು ಮರಳಿರುವುದಿಲ್ಲ. ಭಾಗಮಂಡಲ ಘಟ್ಟದ ತಿರುವುಗಳಲ್ಲಿ ಜೀಪು ಓಡಿಸುವವರು, ಮರ ಹತ್ತುವವರು, ಕಾಡುಹಾದಿಯಲ್ಲಿ ಆನೆಯ ಸುಳಿವಿಗೆ ಕಿವಿ ಕೊಡಬೇಕಾದವರು ಈ ಮಾತ್ರೆ ಶುರುಮಾಡುವ ಮೊದಲು ತಮ್ಮ ಕೆಲಸ ಏನೆಂದು ವೈದ್ಯರಿಗೆ ಹೇಳಬೇಕು.

ಥಟ್ಟನೆ ನಿಂತಾಗ

ಮೊದಲು ಬರುವುದು ಚಡಪಡಿಕೆ, ಬೆವರು, ಎದೆಬಡಿತ, ಕೈನಡುಕ. ನಿದ್ದೆ ಮೊದಲಿಗಿಂತ ಹೆಚ್ಚು ಕೆಡುತ್ತದೆ. ಸಣ್ಣ ಸದ್ದೂ ಸಹಿಸದಾಗುತ್ತದೆ, ಬೆಳಕು ಚುಚ್ಚುತ್ತದೆ, ಮೈ ಜುಮ್ಮೆನ್ನುತ್ತದೆ, ಕಿವಿಯಲ್ಲಿ ಗುಯ್‌ಗುಟ್ಟುತ್ತದೆ, ಸುತ್ತಲಿನದು ನಿಜವಲ್ಲವೆಂಬಂತೆ ತೋರುತ್ತದೆ. ಪ್ರಮಾಣ ದೊಡ್ಡದಿದ್ದು ಬಹುಕಾಲ ತೆಗೆದುಕೊಂಡಿದ್ದರೆ ಫಿಟ್ಸ್, ಭ್ರಮೆ, ಸನ್ನಿ ಬರಬಹುದು. ಆಗ ಆಸ್ಪತ್ರೆಯೇ ಗತಿ. ಇದನ್ನು ಗಾಳಿ ಸೋಂಕು ಎಂದುಕೊಂಡು ಮಂತ್ರಿಸಲು ಕರೆದೊಯ್ಯುವವರೂ ಇದ್ದಾರೆ, ಹಳೆಯ ಆತಂಕ ಮರಳಿತೆಂದು ಮಾತ್ರೆಯನ್ನು ಇಮ್ಮಡಿ ಮಾಡುವವರೂ ಇದ್ದಾರೆ.

ಇಡೀ ಊರುಗಳು ಹೀಗೆ ಒಮ್ಮೆಲೇ ಬಿಟ್ಟ ಉದಾಹರಣೆ ಕರ್ನಾಟಕದ ನೆರೆಯಲ್ಲೇ ಇದೆ. ತೆಲಂಗಾಣದ ಜಿಲ್ಲೆಗಳಲ್ಲಿ ಮಾರುವ ಕಲಬೆರಕೆ ಸೇಂದಿಗೆ ಕ್ಲೋರಲ್ ಹೈಡ್ರೇಟ್, ಡಯಜೆಪಾಮ್, ಆಲ್‌ಪ್ರಜೋಲಾಮ್ ಬೆರೆಸುವ ದಂಧೆ ಹಳೆಯದು. ಕಲಬೆರಕೆ ಸೇಂದಿಯ ಪಿಡುಗು ಗಡಿಯೀಚೆ ರಾಯಚೂರು ಭಾಗಕ್ಕೂ ಹೊಸದಲ್ಲ. 2015ರಲ್ಲಿ ತೆಲಂಗಾಣ ಸರ್ಕಾರ ದಾಳಿ ನಡೆಸಿ ಕಲಬೆರಕೆ ನಿಲ್ಲಿಸಿದಾಗ ನಿಜಾಮಾಬಾದ್ ಮೊದಲಾದ ಕಡೆ ಸೇಂದಿ ಕುಡಿಯುತ್ತಿದ್ದವರು ಫಿಟ್ಸ್, ಸನ್ನಿ, ವಿಚಿತ್ರ ವರ್ತನೆಗಳೊಂದಿಗೆ ಸರ್ಕಾರಿ ಆಸ್ಪತ್ರೆಗಳಿಗೆ ಗುಂಪುಗುಂಪಾಗಿ ಬಂದರು. ತಾವು ಕುಡಿಯುತ್ತಿದ್ದದ್ದು ಏನೆಂಬುದೇ ಅವರಿಗೆ ಗೊತ್ತಿರಲಿಲ್ಲ. ಕಲಬೆರಕೆ ನಿಲ್ಲಿಸಿದ್ದು ಸರಿ. ನಿಲ್ಲಿಸುವ ಮೊದಲು ಆಸ್ಪತ್ರೆಗಳನ್ನು ಸಜ್ಜು ಮಾಡಬೇಕಿತ್ತು.

ಕೊಡಗಿನಲ್ಲಿ ಹೀಗೆ ಒಮ್ಮೆಲೇ ನಿಲ್ಲಿಸುವ ಕೆಲಸವನ್ನು ಮಳೆ ಮಾಡಬಲ್ಲದು. 2018ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮಡಿಕೇರಿಯ ಸುತ್ತಲಿನ ರಸ್ತೆಗಳು ಕಡಿದು, ಸಂಪಾಜೆಯ ದಾರಿ ವಾರಗಟ್ಟಲೆ ಮುಚ್ಚಿತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬೆಟ್ಟ ಕುಸಿಯಿತು. ಭಾಗಮಂಡಲದಲ್ಲಿ ಸಂಗಮ ತುಂಬಿ ರಸ್ತೆಯ ಮೇಲೆ ನೀರು ಹರಿಯುವುದು ಬಹುತೇಕ ಪ್ರತಿ ಆಟಿ ತಿಂಗಳ ಸುದ್ದಿ. 2020ರ ಮಾರ್ಚ್‌ನಲ್ಲಿ ಕೊರೊನಾ ಕಾಲಕ್ಕೆ ಕರ್ನಾಟಕ ಕೇರಳದ ಗಡಿ ರಸ್ತೆಗಳನ್ನು ಮುಚ್ಚಿ, ವಿಷಯ ಕೇರಳ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆಗ ಮದ್ಯದಂಗಡಿಗಳೂ ಮುಚ್ಚಿದ್ದವು. ಕುಡಿತ ಒಮ್ಮೆಲೇ ನಿಂತವರ ಸಂಕಟ ಪತ್ರಿಕೆಗಳಲ್ಲಿ ಬಂತು. ಮಾತ್ರೆ ಒಮ್ಮೆಲೇ ನಿಂತವರ ಸಂಕಟವೂ ಅದೇ ಜಾತಿಯದು. ಅದು ಸುದ್ದಿಯಾಗಲಿಲ್ಲ ಅಷ್ಟೆ.

ಒಳಮನೆಯಲ್ಲಿ ಮಳೆಗಾಲಕ್ಕೆ ಅಕ್ಕಿ, ಒಣಮೀನು, ಸೌದೆ ಸೇರಿಸುವವರು ಔಷಧದ ಲೆಕ್ಕವನ್ನೂ ಮೇ ತಿಂಗಳಲ್ಲೇ ಮಾಡಬೇಕು. ವೈದ್ಯರಿಗೆ ಊರಿನ ಸ್ಥಿತಿ ವಿವರಿಸಿ ಹೆಚ್ಚುವರಿ ದಿನಗಳಿಗೆ ಚೀಟಿಯಲ್ಲೇ ಬರೆಸಿಕೊಂಡರೆ ಅಂಗಡಿಯವರಿಗೂ ಅಳುಕಿಲ್ಲ. ಹಾಗಿದ್ದೂ ಮಾತ್ರೆ ಮುಗಿಯುತ್ತ ಬಂದರೆ, ಉಳಿದದ್ದನ್ನು ಹಂಚಿ ಇಳಿಸಿಕೊಂಡು ಹೋಗುವ ಕ್ರಮವನ್ನು ಆರೋಗ್ಯ ಕೇಂದ್ರದ ವೈದ್ಯರನ್ನೋ 14416 ಅನ್ನೋ ಕೇಳಿ ತಿಳಿಯಬಹುದು. ಕೊನೆಯ ಮಾತ್ರೆಯವರೆಗೂ ಪೂರ್ತಿ ಪ್ರಮಾಣ ನುಂಗಿ ಒಮ್ಮೆಲೇ ಸೊನ್ನೆಗೆ ಬರುವುದಕ್ಕಿಂತ ಅದು ಲೇಸು. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕದೆ 108ಕ್ಕೆ ಕರೆಮಾಡಬೇಕು. ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅದು ಎಂದು ನಿಂತಿತು ಎಂಬುದನ್ನು ಖಾಲಿ ಪಟ್ಟಿಯ ಸಮೇತ ತಿಳಿಸಬೇಕು. ಈ ಔಷಧಗಳಿಗೆ ಫ್ಲುಮಜೆನಿಲ್ ಎಂಬ ಪ್ರತ್ಯೌಷಧವಿದೆ. ಬಹುಕಾಲದ ಬಳಕೆದಾರರಿಗೆ ಅದೇ ಫಿಟ್ಸ್ ತರಬಹುದಾದ್ದರಿಂದ ಈ ಮಾಹಿತಿ ವೈದ್ಯರಿಗೆ ಬೇಕು.

ಇಳಿಸುವ ಲೆಕ್ಕ

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ 1982ರಿಂದ 1994ರವರೆಗೆ ಈ ಮಾತ್ರೆ ಬಿಡಿಸುವ ಚಿಕಿತ್ಸಾಲಯ ನಡೆಸಿದ ಹೆದರ್ ಆಷ್ಟನ್ ಈ ವಿಷಯದಲ್ಲಿ ಎಲ್ಲರೂ ನೆನೆಯುವ ಹೆಸರು. ರೋಗಿಗಳ ಮಾತು ಕೇಳಿ, ಅವರ ವೇಗಕ್ಕೆ ತಕ್ಕಂತೆ ಇಳಿಸುವ ಕ್ರಮವನ್ನು ಅವರು 1999ರಲ್ಲಿ ಕೈಪಿಡಿಯಾಗಿ ಬರೆದರು. ಆಷ್ಟನ್ ಹುಟ್ಟಿದ್ದು 1929ರಲ್ಲಿ ಡೆಹ್ರಾಡೂನ್‌ನಲ್ಲಿ. ತಂದೆ ಹ್ಯಾರಿ ಚಾಂಪಿಯನ್ ಭಾರತದ ಕಾಡುಗಳನ್ನು ವರ್ಗೀಕರಿಸಿದ ಅರಣ್ಯಾಧಿಕಾರಿ. ಮಗಳು 2019ರಲ್ಲಿ ತೀರಿಕೊಂಡರು.

ಅಮೆರಿಕದ ವ್ಯಸನವೈದ್ಯರ ಸಂಘ ಇತರ ಸಂಘಗಳ ಜೊತೆ 2025ರಲ್ಲಿ ಹೊರತಂದ ಮಾರ್ಗಸೂಚಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಶೇ. 5ರಿಂದ 10ರಷ್ಟು ಇಳಿಸಿ ನೋಡುವುದರಿಂದ ಆರಂಭಿಸಲು ಹೇಳುತ್ತದೆ. ಎರಡು ವಾರಕ್ಕೆ ಶೇ. 25 ಮೀರಬಾರದು ಎಂಬುದು ಮೇಲ್ಮಿತಿ. ಕೆಲವೇ ವಾರ ತೆಗೆದುಕೊಂಡವರಿಗೆ ಇಷ್ಟು ನಿಧಾನ ಬೇಕಾಗುವುದಿಲ್ಲ.

ಕಾಗದದ ಮೇಲಿನ ಶೇಕಡಾ ಲೆಕ್ಕ ಮಾತ್ರೆಗೆ ಹೇಗೆ ಕೂಡುತ್ತದೆ ಎಂಬುದು ಕಷ್ಟದ ಪ್ರಶ್ನೆ. ವರ್ಷಗಳಿಂದ ರಾತ್ರಿ 0.5 ಮಿ.ಗ್ರಾಂ ಆಲ್‌ಪ್ರಜೋಲಾಮ್ ತೆಗೆದುಕೊಳ್ಳುವ ಒಬ್ಬರನ್ನು ಊಹಿಸಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಚಿಕ್ಕ ಮಾತ್ರೆ 0.25, ಅರ್ಧ ಮುರಿದರೆ 0.125. ಮೊದಲ ಹೆಜ್ಜೆಯೇ ಶೇ. 25ರ ಕಡಿತ. ಬೇಗ ಇಳಿಯುವ ಔಷಧವಾದ್ದರಿಂದ ಹಗಲು ಕಳೆಯುವಷ್ಟರಲ್ಲಿ ಸಂಕಟ ಎದ್ದೇಳುತ್ತದೆ. ಆದ್ದರಿಂದ ಹಲವು ವೈದ್ಯರು ಒಂದೆರಡು ವಾರಗಳಲ್ಲಿ ಡಯಜೆಪಾಮ್‌ಗೆ ಬದಲಾಯಿಸುತ್ತಾರೆ. ಆಷ್ಟನ್ ಪಟ್ಟಿಯಲ್ಲಿ 0.5 ಮಿ.ಗ್ರಾಂ ಆಲ್‌ಪ್ರಜೋಲಾಮ್ 10 ಮಿ.ಗ್ರಾಂ ಡಯಜೆಪಾಮ್‌ಗೆ ಸಮ. ಬೇರೆ ಪಟ್ಟಿಗಳು ಅದರ ಅರ್ಧದವರೆಗೂ ಹೇಳುವುದರಿಂದ ನಿರ್ಧಾರ ವೈದ್ಯರದು. ಡಯಜೆಪಾಮ್ 2 ಮಿ.ಗ್ರಾಂ ಮಾತ್ರೆಯಲ್ಲೂ ಸಿಗುತ್ತದೆ. ಅರ್ಧ ಮಾಡಿದರೆ 1, ಕಾಲು ಮಾಡಿದರೆ 0.5. ಔಷಧ ಅಂಗಡಿಯಲ್ಲಿ ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಸಿಗುತ್ತದೆ. ಅಡಕತ್ತರಿಯಲ್ಲಿ ಪ್ರಯತ್ನಿಸಿದರೆ ಪುಡಿಯಾಗುತ್ತದೆ.

ಇನ್ನು ಕ್ಯಾಲೆಂಡರ್. ಮಳೆ ಬಿಟ್ಟು ತುಲಾ ಸಂಕ್ರಮಣದ ಹೊತ್ತಿಗೆ, ಅಂದರೆ ಅಕ್ಟೋಬರ್ ನಡುವೆ, 10 ಮಿ.ಗ್ರಾಂನಿಂದ ಶುರುಮಾಡಿ ಎರಡು ವಾರಕ್ಕೆ 1ರಂತೆ ಇಳಿಸಿದರೆ ಡಿಸೆಂಬರ್ ಕೊನೆಗೆ 5ಕ್ಕೆ ಬರುತ್ತದೆ. ಅಲ್ಲಿಂದ ಹೆಜ್ಜೆ ಚಿಕ್ಕದಾಗಬೇಕು, ಏಕೆಂದರೆ 5ರಲ್ಲಿ 1 ಎಂದರೆ ಶೇ. 20. ಎರಡು ವಾರಕ್ಕೆ 0.5ರಂತೆ ಇಳಿಸಿದರೆ ಮಾರ್ಚ್ ಕೊನೆಯ ಹೊತ್ತಿಗೆ 2, ಮೇ ನಡುವೆ ಸೊನ್ನೆ. ಒಟ್ಟು 30 ವಾರ. ಮುಂಗಾರಿಗೆ ಇನ್ನೂ ಎರಡು ವಾರ ಕೈಯಲ್ಲಿ. ಕೊನೆಯ ಹೆಜ್ಜೆಗಳೇ ಕಠಿಣ. ಅಲ್ಲಿ ನಿಧಾನ ಬೇಕೆನಿಸಿ ಜೂನ್ ಬಂದುಬಿಟ್ಟರೆ, ಇದ್ದ ಪ್ರಮಾಣದಲ್ಲೇ ನಿಂತು ಮಳೆಗಾಲ ಕಳೆದು ಮತ್ತೆ ಇಳಿಸಿದರೂ ನಷ್ಟವಿಲ್ಲ. ಸಂಕಟ ಹೆಚ್ಚಾದಾಗ ಹಾಗೇ ನಿಲ್ಲಬೇಕೇ ಹೊರತು ಮೇಲಕ್ಕೆ ಹೋಗುವುದನ್ನು ಆದಷ್ಟು ತಪ್ಪಿಸಬೇಕು.

ಈ ಲೆಕ್ಕ ಎಲ್ಲರಿಗೂ ಒಗ್ಗದು. ಎಪ್ಪತ್ತು ದಾಟಿದವರ ದೇಹದಲ್ಲಿ ಡಯಜೆಪಾಮ್ ಸೇರುತ್ತ ಹೋಗಿ ಮಂಪರು, ಬೀಳುವಿಕೆ ಹೆಚ್ಚಬಹುದು. ಯಕೃತ್ತಿನ ತೊಂದರೆ ಇರುವವರಿಗೂ ಅದು ಸಲ್ಲ. ಅವರಿಗೆ ಈಗಿನ ಔಷಧವನ್ನೇ ಇಳಿಸುವುದೋ ಲೊರಜೆಪಾಮ್‌ಗೆ ಹೋಗುವುದೋ ಲೇಸು. ಹಿಂದೆ ಫಿಟ್ಸ್ ಬಂದವರು, ದಿನಾ ಕುಡಿಯುವವರು, ಆತ್ಮಹತ್ಯೆಯ ಯೋಚನೆ ಇರುವವರು, ಬಸುರಿಯರು ಮನೆಯಲ್ಲಿ ಒಬ್ಬರೇ ಶುರುಮಾಡಬಾರದು.

ಬರೀ ಪ್ರಮಾಣ ಇಳಿಸುವುದಕ್ಕಿಂತ ನಿದ್ದೆಯ ಅಭ್ಯಾಸ ತಿದ್ದುವ ಚಿಕಿತ್ಸೆ ಸೇರಿದರೆ ಫಲ ಹೆಚ್ಚು. ಕೆನಡಾದ ಕ್ವಿಬೆಕ್‌ನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡೂ ಪಡೆದವರಲ್ಲಿ ಶೇ. 77, ಇಳಿಸುವುದೊಂದನ್ನೇ ಮಾಡಿದವರಲ್ಲಿ ಶೇ. 38 ಮಂದಿ ಬಿಟ್ಟರು. ಆ ಚಿಕಿತ್ಸೆಯ ತಿರುಳು ಸರಳ: ಏಳುವ ಹೊತ್ತು ನಿತ್ಯ ಒಂದೇ, ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟೇಳುವುದು, ಹಗಲು ನಿದ್ದೆ ಬೇಡ. ಕಾಫಿ ನಾಡಿನಲ್ಲಿ ಮಧ್ಯಾಹ್ನದ ಮೇಲೆ ಕಾಫಿ ಬೇಡವೆನ್ನುವುದೇ ಇದರಲ್ಲಿ ಕಷ್ಟದ ಸಲಹೆ. ಅದೇ ಕ್ವಿಬೆಕ್‌ನ 2014ರ ಇನ್ನೊಂದು ಅಧ್ಯಯನದಲ್ಲಿ ಔಷಧ ಅಂಗಡಿಗಳ ಮೂಲಕ ಹಿರಿಯ ಗ್ರಾಹಕರಿಗೆ ಈ ಮಾತ್ರೆಯ ಅಪಾಯ ಮತ್ತು ಇಳಿಸುವ ಕ್ರಮ ತಿಳಿಸುವ ಕಿರುಹೊತ್ತಿಗೆ ಕೊಟ್ಟದ್ದಷ್ಟೇ. ಆರು ತಿಂಗಳಲ್ಲಿ ಶೇ. 27 ಜನ ಬಿಟ್ಟರು, ಕೊಡದವರಲ್ಲಿ ಶೇ. 5. ವೈದ್ಯರಿಗಿಂತ ಮೆಡಿಕಲ್ ಅಂಗಡಿ ಹತ್ತಿರವಿರುವ ಊರುಗಳಿಗೆ ಕನ್ನಡದಲ್ಲೂ ಮಲಯಾಳದಲ್ಲೂ ಅಂಥದೊಂದು ಹೊತ್ತಿಗೆ ಅಚ್ಚು ಹಾಕಿಸುವುದು ದುಬಾರಿಯ ಕೆಲಸವಲ್ಲ.

ಬಿಟ್ಟ ಮೇಲೆ

ಹೆಚ್ಚಿನವರಲ್ಲಿ ಸಂಕಟ ಕೆಲವು ವಾರಗಳಲ್ಲಿ ಇಳಿಯುತ್ತದೆ. ಕೆಲವರಲ್ಲಿ ನಿದ್ರಾಭಂಗ, ಕಿವಿಗುಯ್, ಮೈ ಜುಮ್ಮೆನ್ನುವಿಕೆ ತಿಂಗಳುಗಟ್ಟಲೆ ಬಂದು ಹೋಗಿ ಮಾಡುತ್ತವೆ. ಒಂದು ವಾರ ಹಾಯಾಗಿದ್ದು ಮತ್ತೆರಡು ದಿನ ಕೆಟ್ಟರೆ ಹಿಂದಕ್ಕೆ ಜಾರಿದಂತಲ್ಲ. ಮೊದಲಿದ್ದ ಆತಂಕ ಅಥವಾ ಖಿನ್ನತೆ ನಿಜಕ್ಕೂ ಮರಳಿದ್ದರೆ ಅದಕ್ಕೆ ಅವಲಂಬನೆ ತರದ ಬೇರೆ ಔಷಧಗಳಿವೆ, ಮಾತಿನ ಚಿಕಿತ್ಸೆಯಿದೆ. ಜಮ್ಮಾ ಜಮೀನಿನ ತಕರಾರೋ ಮಕ್ಕಳ ಚಿಂತೆಯೋ ಸಾಲವೋ ನಿದ್ದೆ ಕೆಡಿಸಿದ್ದರೆ ಅದು ಮಾತ್ರೆ ಬಿಟ್ಟ ದಿನವೂ ಅಲ್ಲೇ ಇರುತ್ತದೆ.

ಪೂರ್ತಿ ಬಿಟ್ಟವರ ದೇಹ ಹಳೆಯ ಪ್ರಮಾಣವನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಯಾವುದೋ ನಿದ್ದೆಗೆಟ್ಟ ರಾತ್ರಿ, ಅದರಲ್ಲೂ ಕುಡಿದ ರಾತ್ರಿ, ಕಪಾಟಿನಲ್ಲಿ ಉಳಿದ ಹಳೆಯ ಪಟ್ಟಿಯಿಂದ ಮೊದಲಿನಷ್ಟೇ ನುಂಗಿದರೆ ಅಪಾಯ ಹೆಚ್ಚು. ಉಳಿದ ಮಾತ್ರೆಗಳನ್ನು ನೆರೆಯವರಿಗೆ ಕೊಡದೆ, ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಒಯ್ದು ಅಲ್ಲಿನ ಔಷಧ ವಿತರಕರ ಕೈಗೆ ಒಪ್ಪಿಸಬೇಕು.